ಮಂದಗಾಮಿಯ ಯುದ್ಧನೀತಿ

ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳುತ್ತಾರೆ. ಆದರೆ ಆಟದ ಬಯಲಿಗೆ ಇಳಿದ ಮೇಲೆ ಆ ಮಾತನ್ನು ನಂಬುವವರು ಯಾರು? ಅಲ್ಲಿ ನಾವೆಲ್ಲ ಚುರುಕು ಕಾಲಿನವನಿಗೇ ಚಪ್ಪಾಳೆ ತಟ್ಟುವವರು. ಕದಲಲೋ ಬೇಡವೋ ಎಂಬಂತೆ ಮೆಲ್ಲಗೆ ಬಂದು ನಿಂತ ಸ್ಥೂಲಕಾಯನನ್ನು ಕಂಡರೆ ನಗು ಬರುತ್ತದೆ. ಅವನು ಗೆದ್ದರೆ ಅದೃಷ್ಟ ಎನ್ನುತ್ತೇವೆ. ಸೋತರೆ, 'ನಾನು ಮೊದಲೇ ಹೇಳಲಿಲ್ಲವೆ?' ಎನ್ನುತ್ತೇವೆ. ಅಂಥ ಒಬ್ಬ ಮಂದಗಾಮಿಯ ಪರವಾಗಿ ನಿಮ್ಮ ಮುಂದೆ ಈ ದಿನ ವಕಾಲತ್ತು ಹಿಡಿದು ಬಂದಿದ್ದೇನೆ. ನನ್ನ ಕಕ್ಷಿದಾರ ಮನುಷ್ಯನಲ್ಲ; ಕಾಡಿನ ಮೃಗವೂ ಅಲ್ಲ. ಮಕ್ಕಳು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದೊಳಗಿನ ಒಂದು ಜೀವಿ. ಹೆಸರು ಸ್ನಾರ್ಲ್ಯಾಕ್ಸ್.

ಈ ವಕಾಲತ್ತು ನನಗೆ ಬಂದದ್ದು ಮೊಮ್ಮಗನ ಸೋಲಿನಿಂದ. ಅವನ ಅಪ್ಪ ಹುಡುಗನಾಗಿದ್ದಾಗ ಆಡುತ್ತಿದ್ದ ಹಳೆಯ ಗೇಮ್ ಬಾಯ್ ಪೆಟ್ಟಿಗೆಯೊಂದು ಮನೆಯಲ್ಲಿದೆ. ಒಂದು ಸಂಜೆ ಮೊಮ್ಮಗನೂ ಪಕ್ಕದ ಮನೆಯ ಹುಡುಗನೂ ಎರಡು ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿಕೊಂಡು ಕಾಳಗಕ್ಕೆ ಕುಳಿತರು. ಅರ್ಧ ಗಂಟೆಯ ಮೇಲೆ ಮೊಮ್ಮಗ ಪೆಟ್ಟಿಗೆಯನ್ನು ಬದಿಗಿಟ್ಟು, "ತಾತ, ಈ ಸ್ನಾರ್ಲ್ಯಾಕ್ಸ್ ಬರೀ ಸೋಮಾರಿ. ಎಷ್ಟು ಏಟು ತಿಂದರೂ ನಿಂತಿರುತ್ತದೆ, ಕೊನೆಗೆ ಸೋಲುತ್ತದೆ. ಇದನ್ನು ತಂಡದಿಂದ ತೆಗೆದುಬಿಡುತ್ತೇನೆ" ಎಂದ. ಆ ಜೀವಿಯನ್ನು ಹಿಡಿದು, ಪಳಗಿಸಿ, ತಿಂಗಳುಗಟ್ಟಲೆ ಬೆಳೆಸಿದವನು ನನ್ನ ಮಗ. ಹೋಂವರ್ಕ್ ಬಿಟ್ಟು ಅದನ್ನು ಬೆಳೆಸಿದ್ದಕ್ಕೆ ನನ್ನಿಂದ ಬೈಸಿಕೊಂಡೂ ಇದ್ದ. ಈಗ ಅವನು ದೂರದ ಊರಿನಲ್ಲಿದ್ದಾನೆ. ಅದನ್ನು ತೆಗೆದುಹಾಕುವ ಮಾತು ಕೇಳಿ ನನಗೆ ಏಕೋ ಹಿತವಾಗಲಿಲ್ಲ. "ಎರಡು ದಿನ ತಡೆ. ಸೋತದ್ದು ಅದರ ತಪ್ಪೋ ನಿನ್ನ ತಪ್ಪೋ ಲೆಕ್ಕ ಹಾಕಿ ನೋಡೋಣ" ಎಂದೆ. ಆ ಲೆಕ್ಕವನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಟವನ್ನು ಕಾಣದವರಿಗಾಗಿ ಮೊದಲು ಎರಡು ಮಾತು. ಇದರ ಹೆಸರು ಪೋಕೆಮಾನ್. ಜಪಾನಿನ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿದ ಇದು ೧೯೯೬ರಲ್ಲಿ ಹೊರಬಂತು. ಸಂಸ್ಥೆಯನ್ನು ಕಟ್ಟಿದ ಸತೋಶಿ ತಾಜಿರಿಯವರಿಗೆ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಹವ್ಯಾಸವಿತ್ತು. ಆಟದ ಬೇರು ಅಲ್ಲಿದೆ. ಕಾಳಗದಲ್ಲಿ ಪ್ರತಿಯೊಬ್ಬ ಆಟಗಾರನೂ ಆರು ಜೀವಿಗಳನ್ನು ತರುತ್ತಾನೆ. ಅಖಾಡದಲ್ಲಿ ಒಂದು ಸಲಕ್ಕೆ ಇಬ್ಬದಿಯಿಂದ ಒಂದೊಂದೇ. ಪ್ರತಿ ಜೀವಿಗೂ ನಾಲ್ಕೇ ಪಟ್ಟುಗಳು. ಪ್ರತಿ ಸುತ್ತಿನಲ್ಲೂ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದು ಪಟ್ಟನ್ನು ಆರಿಸುತ್ತಾರೆ, ಇಲ್ಲವೆ ಜೀವಿಯನ್ನು ಹಿಂದಕ್ಕೆ ಕರೆದು ಬೇರೊಂದನ್ನು ಕಳಿಸುತ್ತಾರೆ. ಇಬ್ಬರೂ ಪಟ್ಟು ಹಾಕಿದರೆ, ಯಾರ ವೇಗ ಹೆಚ್ಚೋ ಅವರ ಏಟು ಮೊದಲು. ಆರೂ ಬಿದ್ದವನು ಸೋತ.

ಇನ್ನು ನನ್ನ ಕಕ್ಷಿದಾರನ ಪರಿಚಯ. ಎತ್ತರ ೨.೧ ಮೀಟರ್, ತೂಕ ೪೬೦ ಕಿಲೋಗ್ರಾಂ. ಜಪಾನಿನಲ್ಲಿ ಇದಕ್ಕೆ ಕಬಿಗೊನ್ ಎಂದು ಹೆಸರು. ತಿನ್ನುವುದು, ಮಲಗುವುದು, ಇವೆರಡೇ ಕಸುಬು. ನಮ್ಮ ಕುಂಭಕರ್ಣನ ದಾಯಾದಿ ಎನ್ನಿ. ೧೯೯೯ರಲ್ಲಿ ಜಪಾನಿನಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಎಂಬ ಆವೃತ್ತಿಗಳಲ್ಲಿ, ಪೂರ್ತಿ ಬೆಳೆದ ಸ್ನಾರ್ಲ್ಯಾಕ್ಸಿನ ಪ್ರಾಣಬಲ ೫೨೩, ವೇಗ ೧೫೮. ಇದರ ಪಕ್ಕದಲ್ಲಿ ಜೋಲ್ಟಿಯಾನ್ ಎಂಬ ಮಿಂಚಿನ ಜೀವಿಯನ್ನು ನಿಲ್ಲಿಸಿದರೆ, ಅದರ ವೇಗ ೩೫೮, ಪ್ರಾಣಬಲ ೩೩೩. ನೋಡಿದ ಕೂಡಲೇ ಹುಡುಗರು ಮಿಂಚನ್ನೇ ಆರಿಸುತ್ತಾರೆ. ಆದರೆ ಆ ಆವೃತ್ತಿಯ ಪಂದ್ಯಗಳಲ್ಲಿ ಪಳಗಿದವರನ್ನು ಕೇಳಿ ನೋಡಿ. ಎಲ್ಲಕ್ಕಿಂತ ಬಲಿಷ್ಠ ಯಾವುದೆಂದರೆ ಅವರು ತೋರಿಸುವುದು ಈ ನಿದ್ದೆಬುರುಕನನ್ನೇ.

ಹಾಗಾದರೆ ಮೊಮ್ಮಗ ಸೋತದ್ದೇಕೆ? ಗಟ್ಟಿತನವನ್ನೇ ತಂತ್ರವೆಂದು ಅವನು ತಿಳಿದದ್ದರಿಂದ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ನಿಮಗೆ ಗೊತ್ತಿದೆ. ೫೨೩ರ ಪ್ರಾಣಬಲ ಆ ಕುಡಿಕೆ ಹೊನ್ನು. ಸುಮ್ಮನೆ ನಿಂತು ಏಟು ತಿಂದರೆ ಅದೂ ಕರಗಿಯೇ ಕರಗುತ್ತದೆ. ಗಟ್ಟಿತನ ಕೊಡುವುದು ಗೆಲುವನ್ನಲ್ಲ, ಸಮಯವನ್ನು. ಕೊಂಡ ಸಮಯದಲ್ಲಿ ಏನು ಮಾಡುತ್ತೀರಿ ಎಂಬುದೇ ಮಂದಗಾಮಿಯ ಯುದ್ಧನೀತಿ.

ಮೊದಲನೆಯ ಪಾಠ ನಿದ್ದೆಯದು. ರೆಸ್ಟ್ ಎಂಬ ಪಟ್ಟನ್ನು ಹಾಕಿದರೆ ಪ್ರಾಣಬಲ ಪೂರ್ತಿ ತುಂಬುತ್ತದೆ, ವಿಷ ಮೊದಲಾದ ಬಾಧೆಗಳೂ ಕಳೆಯುತ್ತವೆ. ಬದಲಿಗೆ ಎರಡು ಸುತ್ತು ಮಲಗಿರಬೇಕು. ಮೊಮ್ಮಗ ಮಾಡುತ್ತಿದ್ದದ್ದು ಏನೆಂದರೆ, ಕೊನೆಯ ಉಸಿರಿನವರೆಗೆ ಹೊಡೆದಾಡಿ, ಇನ್ನು ಒಂದೇ ಏಟಿಗೆ ಬೀಳುವ ಸ್ಥಿತಿ ಬಂದಾಗ ರೆಸ್ಟ್ ಹಾಕುವುದು. ವೇಗಿಯಾದವನಿಗೆ ಇದು ಸರಿ. ಅವನು ಏಟು ಬೀಳುವ ಮೊದಲೇ ಮಲಗಿ ಚೇತರಿಸಿಕೊಳ್ಳುತ್ತಾನೆ. ಮಂದಗಾಮಿಯ ಸರದಿ ಬರುವುದು ಏಟು ಬಿದ್ದ ಮೇಲೆ. ಒಂದೇ ಏಟಿನ ಬಲ ಉಳಿದಿದ್ದರೆ, ಸರದಿ ಬರುವ ಹೊತ್ತಿಗೆ ಮಲಗಲು ಅವನೇ ಇರುವುದಿಲ್ಲ. ಆದ್ದರಿಂದ ವೇಗಿ ಒಂದು ಏಟಿನ ಲೆಕ್ಕ ಇಟ್ಟರೆ ಸಾಕು. ಮಂದಗಾಮಿ ಎರಡು ಏಟಿನ ಲೆಕ್ಕ ಇಡಬೇಕು.

ಅಂಕಿಗಳಲ್ಲಿ ಹೇಳುತ್ತೇನೆ, ಒಂದು ಚೂರು ಕಾಗದ, ಪೆನ್ಸಿಲು ಇದ್ದರೆ ನೀವೂ ಹಾಕಿ ನೋಡಿ. ಸ್ನಾರ್ಲ್ಯಾಕ್ಸ್ ತನ್ನ ಬಳಿ ಲೆಫ್ಟೋವರ್ಸ್, ಎಂದರೆ ಉಳಿದ ಊಟದ ಬುತ್ತಿ, ಇಟ್ಟುಕೊಂಡಿರುತ್ತದೆ. ಅದರಿಂದ ಪ್ರತಿ ಸುತ್ತಿನ ಕೊನೆಗೆ ಪ್ರಾಣಬಲದ ಹದಿನಾರನೆಯ ಒಂದು ಪಾಲು, ಅಂದರೆ ೩೨, ಮರಳಿ ಬರುತ್ತದೆ. ಎದುರಿಗೆ ಟಾರೋಸ್ ಎಂಬ ಗೂಳಿ ನಿಂತಿದೆ. ಅದರ ಪ್ರತಿ ಏಟಿಗೆ ೧೫೦ ಹೋಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಏಟಿಗೆ ೩೦೦, ಅದರಲ್ಲಿ ಬುತ್ತಿಯ ೩೨ ಕಳೆದರೆ ೨೬೮. ಪ್ರಾಣಬಲ ೨೬೮ಕ್ಕೆ ಇಳಿಯಿತೆಂದರೆ ಈ ಸುತ್ತಿನಲ್ಲೇ ಮಲಗಬೇಕು. ಮುಂದಿನ ಸುತ್ತಿಗೆ ಎಂದು ತಡೆದರೆ ಹೊತ್ತು ಮೀರಿತು. ೫೨೩ರಲ್ಲಿ ೨೬೮ ಎಂದರೆ ಅರ್ಧ ಕೊಡ ಇನ್ನೂ ತುಂಬಿಯೇ ಇದೆ! ನೋಡುವವರು, 'ಇಷ್ಟು ಬೇಗ ಮಲಗಿದನಲ್ಲ' ಎಂದು ನಗುತ್ತಾರೆ. ನಗಲಿ.

ಆದರೆ ಬರೀ ಮಲಗಿ ಎದ್ದರೆ ಸಿಗುವುದೇನು? ಪೂರ್ತಿ ತುಂಬಿ ಮಲಗಿದವನು ಎರಡು ಸುತ್ತು ಏಟು ತಿಂದು ೨೮೭ಕ್ಕೆ ಇಳಿದಿರುತ್ತಾನೆ. ಮೂರನೆಯ ಸುತ್ತಿನಲ್ಲಿ ಏಟು ತಿಂದು, ಎದ್ದು, ಒಂದು ಸಲ ಹೊಡೆಯುತ್ತಾನೆ, ಉಳಿಯುವುದು ೧೬೯. ಕೂಡಲೇ ಮತ್ತೆ ಮಲಗಬೇಕು. ನಾಲ್ಕು ಸುತ್ತಿಗೆ ಒಂದೇ ಕೆಲಸ. ಇದು ಬದುಕಲ್ಲ, ಜೀವ ಹಿಡಿದುಕೊಂಡಿರುವುದು ಅಷ್ಟೆ. ಮೊಮ್ಮಗ ಸೋಮಾರಿತನವೆಂದು ಬೈದದ್ದು ಇದನ್ನೇ.

ಎರಡನೆಯ ಪಾಠ ಶಾಪದ್ದು. ಕರ್ಸ್ ಎಂಬ ಪಟ್ಟೊಂದಿದೆ. ಅದನ್ನು ಹಾಕಿಕೊಂಡವನ ಏಟಿನ ಬಲವೂ ದೇಹದ ಏಟನ್ನು ತಡೆಯುವ ರಕ್ಷಣೆಯೂ ಒಂದೊಂದು ಮೆಟ್ಟಿಲು ಏರುತ್ತವೆ, ವೇಗ ಒಂದು ಮೆಟ್ಟಿಲು ಇಳಿಯುತ್ತದೆ. ಜಪಾನಿನಲ್ಲಿ ಈ ಪಟ್ಟಿನ ಹೆಸರು ನೊರೊಯ್. ಅಲ್ಲಿ ಆ ಶಬ್ದಕ್ಕೆ ಶಾಪ ಎಂಬ ಅರ್ಥವೂ ಉಂಟು, ಮಂದ ಎಂಬ ಅರ್ಥವೂ ಉಂಟು. ಜೋಲ್ಟಿಯಾನಿಗೆ ಇದು ನಿಜವಾಗಿ ಶಾಪವೇ. ವೇಗವೇ ಅದರ ಬಂಡವಾಳ. ಸ್ನಾರ್ಲ್ಯಾಕ್ಸಿಗೆ ಹೋಗುವುದೇನು? ಸಾಲಿನ ಕೊನೆಯಲ್ಲಿ ನಿಂತವನಿಗೆ ಇನ್ನೂ ಹಿಂದೆ ಬೀಳುವ ಭಯವಿಲ್ಲ. ತನಗೆ ಬೇಡವಾದದ್ದನ್ನು ಬೆಲೆಯಾಗಿ ತೆತ್ತು, ಬೇಕಾದ ಎರಡನ್ನು ಅದು ಕೊಳ್ಳುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ಬೆಂಕಿ, ನೀರು, ಮಿಂಚು ಮೊದಲಾದ ವಿಶೇಷ ಏಟುಗಳನ್ನು ತಡೆಯುವ ಶಕ್ತಿ ಸ್ನಾರ್ಲ್ಯಾಕ್ಸಿಗೆ ಹುಟ್ಟಿನಿಂದಲೇ ಚೆನ್ನಾಗಿದೆ, ೩೧೮. ದೇಹದ ಏಟನ್ನು ತಡೆಯುವ ಶಕ್ತಿ ಮಾತ್ರ ೨೨೮. ಕರ್ಸ್ ಬಲಪಡಿಸುವುದು ಈ ಸಡಿಲು ಗೋಡೆಯನ್ನೇ. ಒಂದು ಮೆಟ್ಟಿಲು ಏರಿದರೆ ರಕ್ಷಣೆ ಒಂದೂವರೆ ಪಟ್ಟು. ಗೂಳಿಯ ೧೫೦ರ ಏಟು ೧೦೦ಕ್ಕೆ ಇಳಿಯಿತು. ಈಗ ಅದೇ ಲೆಕ್ಕವನ್ನು ಮತ್ತೆ ಹಾಕಿ. ಮಲಗಬೇಕಾದ ಗಡಿ ೨೬೮ರಿಂದ ೧೬೮ಕ್ಕೆ ಬಂತು. ಏಳು ಸುತ್ತಿನಲ್ಲಿ ಮೂರು ನಿದ್ದೆಗೆ, ನಾಲ್ಕು ಕೆಲಸಕ್ಕೆ. ಎರಡನೆಯ ಕರ್ಸ್ ಹಾಕಿದರೆ ರಕ್ಷಣೆ ಎರಡು ಪಟ್ಟು, ಏಟು ೭೫. ಹನ್ನೊಂದು ಸುತ್ತಿನಲ್ಲಿ ಎಂಟು ಕೆಲಸಕ್ಕೆ ಸಿಗುತ್ತವೆ. ಅಷ್ಟೂ ಸಲ ಇದರ ಏಟಿನ ಬಲವೂ ಇಮ್ಮಡಿ. ನಾಲ್ಕಕ್ಕೆ ಒಂದು, ಏಳಕ್ಕೆ ನಾಲ್ಕು, ಹನ್ನೊಂದಕ್ಕೆ ಎಂಟು. ಈ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದಾಗ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ.

ಹಾಗೆಂದು ಕರ್ಸ್ ಹಾಕುತ್ತ ಕುಳಿತರೆ ಗೆಲುವು ತಾನಾಗಿ ಬರುವುದಿಲ್ಲ. ಎದುರಾಳಿಯೂ ಲೆಕ್ಕ ಬಲ್ಲವನು. ಉಕ್ಕಿನ ರೆಕ್ಕೆಯ ಸ್ಕಾರ್ಮರಿ ಎಂಬ ಹಕ್ಕಿಯನ್ನು ಅವನು ಕಳಿಸುತ್ತಾನೆ. ಸ್ನಾರ್ಲ್ಯಾಕ್ಸಿನ ಮೈಯೇಟು ಉಕ್ಕಿಗೆ ನಾಟುವುದು ಕಡಮೆ. ಅದು ವರ್ಲ್‌ವಿಂಡ್ ಎಂಬ ಸುಂಟರಗಾಳಿ ಬೀಸಿದರೆ ಸ್ನಾರ್ಲ್ಯಾಕ್ಸ್ ಅಖಾಡದಿಂದ ಹೊರಗೆ; ಹೊರಗೆ ಹೋದವನು ಹತ್ತಿದ ಮೆಟ್ಟಿಲುಗಳೆಲ್ಲ ಅಳಿಸಿಹೋಗುತ್ತವೆ. ಇಲ್ಲವೆ ಮಿಸ್‌ಡ್ರೀವಸ್ ಎಂಬ ದೆವ್ವ ಬರುತ್ತದೆ. ಮೈಯೇಟು ದೆವ್ವಕ್ಕೆ ತಾಗುವುದೇ ಇಲ್ಲ. ಇಲ್ಲವೆ ನಾಲ್ಕು ತೋಳಿನ ಮಚಾಂಪ್ ಎಂಬ ಜಟ್ಟಿ. ಸ್ನಾರ್ಲ್ಯಾಕ್ಸಿನ ಜಾತಿಗೆ ಇಮ್ಮಡಿ ನೋವು ಕೊಡುವುದು ಜಟ್ಟಿಯ ಏಟು ಒಂದೇ. ಆದ್ದರಿಂದ ಕರ್ಸನ್ನು ಕಂಡಕಂಡವರ ಮುಂದೆ ಹಾಕಬಾರದು. ಸ್ಕಾರ್ಮರಿಯನ್ನೂ ಜಟ್ಟಿಯನ್ನೂ ತಂಡದ ಉಳಿದವರಿಂದ ಮೊದಲು ದಣಿಸಬೇಕು, ಇಲ್ಲವೆ ಕೆಡವಬೇಕು. ದಾರಿ ತೆರವಾದ ಮೇಲೆ ಆನೆ ಹೊರಡಬೇಕು.

ಇಲ್ಲಿಯೇ ಮೂರನೆಯ ಪಾಠ, ನಾಲ್ಕನೆಯ ಪಟ್ಟಿನದು. ಮೈಯಿಂದ ಅಪ್ಪಳಿಸುವ ಬಾಡಿ ಸ್ಲ್ಯಾಮ್, ಕರ್ಸ್, ರೆಸ್ಟ್, ಇವು ಮೂರು ಆಯಿತು. ಉಳಿದದ್ದು ಒಂದೇ ಜಾಗ, ಉಮೇದುವಾರರು ಹಲವರು. ನೆಲ ನಡುಗಿಸುವ ಅರ್ತ್‌ಕ್ವೇಕ್ ಕಲಿಸಿದರೆ ಕಲ್ಲಿನ ಜೀವಿಗಳಿಗೂ ಮಿಸ್‌ಡ್ರೀವಸ್ ದೆವ್ವಕ್ಕೂ ಉತ್ತರ ಸಿಕ್ಕಿತು, ಆದರೆ ಹಾರುವ ಸ್ಕಾರ್ಮರಿಗೆ ಅದು ತಾಗದು. ಫೈರ್ ಬ್ಲಾಸ್ಟ್ ಕಲಿಸಿದರೆ ಸ್ಕಾರ್ಮರಿ ಬೇಯುತ್ತದೆ, ಆದರೆ ಕಲ್ಲಿನ ಜೀವಿಗಳು ಬೆಂಕಿಗೆ ಜಗ್ಗುವುದಿಲ್ಲ. ಸ್ಲೀಪ್ ಟಾಕ್ ಕಲಿಸಿದರೆ ನಿದ್ದೆಯ ಸುತ್ತುಗಳೂ ವ್ಯರ್ಥವಾಗುವುದಿಲ್ಲ, ಉಳಿದ ಮೂರರಲ್ಲಿ ಯಾವುದೋ ಒಂದು ಪಟ್ಟು ನಿದ್ದೆಯಲ್ಲೇ ಬೀಳುತ್ತದೆ. ಯಾವುದು ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ. ಇನ್ನು ಸೆಲ್ಫ್ ಡಿಸ್ಟ್ರಕ್ಟ್. ಅದನ್ನು ಹಾಕಿದರೆ ತಾನು ಸತ್ತು ಎದುರಿನವನನ್ನೂ ಬಹುಪಾಲು ಕೊಂಡೊಯ್ಯುತ್ತದೆ. ಆಜನ್ಮ ಸಹನೆಯ ಪ್ರಾಣಿ ಒಂದು ಕ್ಷಣದಲ್ಲಿ ಎಲ್ಲವನ್ನೂ ಸುಟ್ಟುಕೊಳ್ಳುತ್ತದೆಂದು ಎದುರಾಳಿ ಎಣಿಸಿರುವುದಿಲ್ಲ. ಆ ಪಟ್ಟಿನ ಬಲವೇ ಅದು. ಯಾವುದನ್ನು ಆರಿಸಿದರೂ ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದು ತೆರೆದೇ ಇರುತ್ತದೆ. ತೆರೆದ ಬಾಗಿಲನ್ನು ಕಾಯುವುದು ತಂಡದ ಉಳಿದ ಐವರ ಕೆಲಸ.

ಸಹನೆಗೆ ಇನ್ನೊಬ್ಬ ವೈರಿ ಇದ್ದಾನೆ; ಅವನ ಹೆಸರು ಆಕಸ್ಮಿಕ. ಸುಮಾರು ಹದಿನಾರು ಏಟಿಗೆ ಒಂದು ಮರ್ಮಕ್ಕೆ ಬೀಳುತ್ತದೆ. ಅದರ ನೋವು ಇಮ್ಮಡಿ. ಅಷ್ಟೇ ಅಲ್ಲ, ನೀವು ಕರ್ಸಿನಿಂದ ಕಟ್ಟಿದ ರಕ್ಷಣೆಯನ್ನೂ ಅದು ಲೆಕ್ಕಿಸುವುದಿಲ್ಲ. ಗೂಳಿಯ ೧೦೦ರ ಏಟು ಆಗ ೨೦೦ ಅಲ್ಲ, ೩೦೦. ಹತ್ತು ಏಟು ತಿಂದರೆ ಅದರಲ್ಲಿ ಒಂದಾದರೂ ಮರ್ಮದ ಏಟಾಗುವ ಸಂಭವ ಸುಮಾರು ಅರ್ಧ. ಅಂದರೆ ಕಾಯುವುದು ಪುಕ್ಕಟೆಯಲ್ಲ. ಪ್ರತಿ ಸುತ್ತಿಗೂ ಒಂದು ಸಣ್ಣ ಬಾಡಿಗೆ ಕೊಡುತ್ತಿರಬೇಕು. ತಾಳಿದವನು ಬಾಳಿಯಾನು, ನಿಜ; ಆದರೆ ಎಷ್ಟು ತಾಳಬೇಕೆಂದು ತಿಳಿಯದವನು ಬಾಳಲಾರ. ಎರಡು ಕರ್ಸ್ ಸಾಕಾದಲ್ಲಿ ಮೂರನೆಯದಕ್ಕೆ ಆಸೆಪಡಬಾರದು.

ಇಷ್ಟು ಕೇಳಿದ ಮೇಲೆ, ಮಂದಗಾಮಿಗೆಲ್ಲ ಇದೊಂದೇ ದಾರಿಯೆ ಎಂದು ನೀವು ಕೇಳಬಹುದು. ಇನ್ನೊಂದು ದಾರಿಯೂ ಉಂಟು. ಅದು ತೆರೆದದ್ದು ೨೦೦೬ರ ಡೈಮಂಡ್ ಮತ್ತು ಪರ್ಲ್ ಆವೃತ್ತಿಗಳಲ್ಲಿ. ಅಲ್ಲಿ ಟ್ರಿಕ್ ರೂಮ್ ಎಂಬ ಪಟ್ಟು ಬಂತು. ಅದನ್ನು ಹಾಕಿದರೆ ಐದು ಸುತ್ತು ಲೋಕದ ನಿಯಮವೇ ತಲೆಕೆಳಗು: ವೇಗ ಕಡಮೆಯಾದವನ ಏಟು ಮೊದಲು. ಇದರ ಸವಿಯನ್ನು ಕಾಣಬೇಕಾದರೆ ಟಾರ್ಕೋಲ್ ಎಂಬ ಬೆಂಕಿಯ ಆಮೆಯನ್ನು ನೋಡಬೇಕು. ಇಬ್ಬಿಬ್ಬರು ಒಟ್ಟಿಗೆ ನಿಂತು ಹೋರಾಡುವ ಜೋಡಿ ಕಾಳಗಗಳಲ್ಲಿ ಅದರ ವೇಗವನ್ನು ಆಟಗಾರರು ಬೇಕೆಂದೇ ತಗ್ಗಿಸಿ, ೨೨ಕ್ಕೆ ಇಳಿಸುತ್ತಾರೆ. ೨೦೧೬ರ ಸನ್ ಮತ್ತು ಮೂನ್ ಆವೃತ್ತಿಗಳಲ್ಲಿ ಅದಕ್ಕೆ ಹೊಸ ಗುಣವೊಂದು ಸಿಕ್ಕಿತು: ಅದು ಕಾಲಿಟ್ಟರೆ ಸಾಕು, ಬಿಸಿಲು ಏರುತ್ತದೆ, ಬೆಂಕಿಯ ಏಟು ಒಂದೂವರೆ ಪಟ್ಟಾಗುತ್ತದೆ. ಟ್ರಿಕ್ ರೂಮಿನೊಳಗೆ ಆ ಆಮೆ ಮೊಲಗಳಿಗೆಲ್ಲ ಮೊದಲು ಇರಪ್ಷನ್ ಎಂಬ ಜ್ವಾಲಾಮುಖಿಯನ್ನು ಉಗುಳುತ್ತದೆ.

ಆದರೆ ಇಲ್ಲಿಯೂ ಪಾಠ ಅದೇ. ಇರಪ್ಷನ್ನಿನ ಬಲ ೧೫೦ ಇರುವುದು ಪ್ರಾಣಬಲ ಪೂರ್ತಿ ಇದ್ದಾಗ. ಅರ್ಧ ಇಳಿದರೆ ಅದೂ ೭೫ಕ್ಕೆ ಇಳಿಯುತ್ತದೆ. ಏಟು ತಿಂದು ನಿಂತಿದ್ದೇನೆ ಎಂಬ ಹೆಮ್ಮೆ ಆಮೆಗೆ ಉಪಯೋಗವಿಲ್ಲ. ಅದನ್ನು ಏಟು ಬೀಳದಂತೆ ಜೊತೆಗಾರ ಕಾಪಾಡಬೇಕು. ಟ್ರಿಕ್ ರೂಮ್ ಹಾಕಿದ ಸುತ್ತೂ ಐದರಲ್ಲಿ ಒಂದಾದ್ದರಿಂದ ಕೈಗೆ ಉಳಿಯುವುದು ನಾಲ್ಕೇ. ಎದುರಾಳಿ ಅದೇ ಪಟ್ಟನ್ನು ತಿರುಗಿ ಹಾಕಿದರೆ ಅದೂ ರದ್ದು. ಸ್ನಾರ್ಲ್ಯಾಕ್ಸಿನ ಕೈಯಲ್ಲಿ ಇರುವುದು ಕಣಜ. ಟಾರ್ಕೋಲಿನ ಕೈಯಲ್ಲಿ ಇರುವುದು ಮರಳಿನ ಗಡಿಯಾರ. ಒಂದು ಸಮಯವನ್ನು ಕೂಡಿಡುತ್ತದೆ, ಇನ್ನೊಂದು ಎರವಲು ತರುತ್ತದೆ. ಎರಡೂ ಸುತ್ತುಗಳನ್ನು ಎಣಿಸಲೇಬೇಕು.

ಮೊಮ್ಮಗನ ಮಾತಿಗೆ ಮರಳುತ್ತೇನೆ. ಮೂರನೆಯ ದಿನ ಅವನು ಮತ್ತೆ ಕಾಳಗಕ್ಕೆ ಕುಳಿತ. ಎದುರು ಅದೇ ಗೂಳಿ. ಅರ್ಧ ಪ್ರಾಣಬಲ ಇರುವಾಗಲೇ ಇವನು ಸ್ನಾರ್ಲ್ಯಾಕ್ಸನ್ನು ಮಲಗಿಸಿದ; ಪಕ್ಕದ ಮನೆಯ ಹುಡುಗ ನಕ್ಕ. ಎದ್ದ ಕೂಡಲೇ ಒಂದು ಕರ್ಸ್. ನಗು ನಿಂತಿತು. ಇಬ್ಬರಲ್ಲೂ ಒಂದೊಂದೇ ಜೀವಿ ಉಳಿಯಿತು. ಸ್ನಾರ್ಲ್ಯಾಕ್ಸಿಗೆ ೨೮೦ ಇತ್ತು. ಗೂಳಿಗೆ ಇನ್ನೊಂದು ಅಪ್ಪಳಿಕೆ ಸಾಕಿತ್ತು. ಮಲಗುವ ಗಡಿ ೧೬೮ ಇನ್ನೂ ದೂರ, ಹೊಡೆಯುವುದೇ ಸರಿ. ಹೊಡೆಯಲು ಗುಂಡಿ ಒತ್ತಿದ. ಗೂಳಿಯ ಸರದಿ ಮೊದಲು ಬಂತು. ಏಟು ಮರ್ಮಕ್ಕೆ ಬಿತ್ತು. ಸೋತ.

ನಾನು ಅವನ ಮುಖ ನೋಡಿದೆ. ಅಳುತ್ತಾನೋ ಎಂದುಕೊಂಡೆ. ಅವನು ಕಾಗದವನ್ನು ಎಳೆದುಕೊಂಡು, "ತಾತ, ಲೆಕ್ಕ ತಪ್ಪಿತ್ತೆ?" ಎಂದ. "ಇಲ್ಲ, ಲೆಕ್ಕ ಸರಿಯಾಗಿತ್ತು. ಮತ್ತೆ ಹದಿನಾರು ಸಲ ಅದೇ ಜಾಗಕ್ಕೆ ಬಂದರೆ ನೀನು ಹದಿನೈದು ಸಲ ಗೆಲ್ಲುತ್ತೀಯೆ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ತನ್ನ ಅಪ್ಪನಿಗೆ ಫೋನ್ ಮಾಡಿ, ನಾಲ್ಕನೆಯ ಪಟ್ಟಾಗಿ ಫೈರ್ ಬ್ಲಾಸ್ಟನ್ನೇ ಕಲಿಸಿದ್ದು ಏಕೆಂದು ಕೇಳಿದ. "ನಮ್ಮ ತರಗತಿಯಲ್ಲಿ ಒಬ್ಬನ ಹತ್ತಿರ ಸ್ಕಾರ್ಮರಿ ಇತ್ತು" ಎಂದು ಆ ಕಡೆಯಿಂದ ಉತ್ತರ ಬಂತಂತೆ. ಅಪ್ಪ ಮಗ ಮುಕ್ಕಾಲು ಗಂಟೆ ಮಾತಾಡಿದರು. ಸ್ನಾರ್ಲ್ಯಾಕ್ಸನ್ನು ತಂಡದಿಂದ ತೆಗೆಯುವ ಮಾತು ಆಮೇಲೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಆಟ ಆಡುವ ಮಕ್ಕಳಿದ್ದರೆ, ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ನೋಡಿ. ತಂಡದ ಮೂಲೆಯಲ್ಲಿ ಯಾವುದೋ ಒಂದು ದಡ್ಡನಂತೆ ಕಾಣುವ ಸ್ಥೂಲಕಾಯ ಇದ್ದೇ ಇರುತ್ತದೆ. ಅದನ್ನು ಬಿಸಾಡಲು ಹೊರಟರೆ ತಡೆಯಿರಿ. ಒಂದು ಚೂರು ಕಾಗದ, ಒಂದು ಪೆನ್ಸಿಲು ಕೊಡಿ. ಅರ್ಧ ಬಲ ಇರುವಾಗಲೇ ಮಲಗುವುದು ಹೇಡಿತನವಲ್ಲವೆಂದು ಹೇಳಿ. ಸಾಧ್ಯವಾದರೆ, ರಾತ್ರಿ ಹನ್ನೊಂದರವರೆಗೆ ದುಡಿದು ಬರುವ ಅವರ ತಂದೆ ತಾಯಿಯರಿಗೂ ಆ ಮಾತನ್ನು ಒಂದಿಷ್ಟು ಕೇಳುವಂತೆ ಹೇಳಿ.